ಒಳಮಗ್ಗುಲಿನ ಕೆಂಪು ಗೆರೆ

ನಮ್ಮ ಅತ್ತೆಯದು ಮೊಸರಲ್ಲಿ ಕಲ್ಲು ಹುಡುಕುವ ಸ್ವಭಾವ. ಕಲ್ಲು ಸಿಗದಿದ್ದರೆ ಯಾರೋ ಮೊದಲೇ ತೆಗೆದು ಬಚ್ಚಿಟ್ಟಿದ್ದಾರೆ ಎನ್ನುತ್ತಾಳೆ. ಹಾಲಿನವನು ಬೇಗ ಬಂದರೆ ಅನುಮಾನ, ತಡವಾಗಿ ಬಂದರೆ ಅನುಮಾನ, ಸರಿಯಾದ ಹೊತ್ತಿಗೆ ಬಂದರೆ ಇನ್ನೂ ದೊಡ್ಡ ಅನುಮಾನ. ಬೀದಿಯವರು ತನ್ನನ್ನು ಪತ್ತೇದಾರಿ ಎಂದು ಕರೆಯುವುದು ಅವಳಿಗೂ ಗೊತ್ತು. ಮೊದಲು ಹಾಗೆ ಕರೆದವರು ಯಾರು ಎಂಬುದರ ಪತ್ತೆ ಮಾತ್ರ ಇನ್ನೂ ನಡೆಯುತ್ತಿದೆ.

ಅವಳು ಹುಟ್ಟಿದಾಗಿನಿಂದ ಹೀಗಿರಲಿಲ್ಲವಂತೆ. ತನ್ನ ತಂಗಿಯಷ್ಟು ಸುಲಭಕ್ಕೆ ನಂಬುವ ಹುಡುಗಿ ಇನ್ನೊಬ್ಬಳಿರಲಿಲ್ಲ ಎಂದು ಅಪ್ಪ ಹೇಳುತ್ತಾನೆ. ಮದುವೆಯಾದ ಮೇಲೆ ಒಂದು ದಿನ ಮಾವ ಗಾಡಿ ರಿಪೇರಿ ಮಾಡಿಸಿಕೊಂಡು ಬರುತ್ತೇನೆಂದು ಹೊರಟ. ಕೈಯಲ್ಲಿ ದೊಡ್ಡ ಪೆಟ್ಟಿಗೆಯಿತ್ತು. ಗಾಡಿ ರಿಪೇರಿಗೆ ಪೆಟ್ಟಿಗೆ ಯಾಕೆ ಎಂದು ಅತ್ತೆ ಕೇಳಲಿಲ್ಲ. ಅವನು ಬೇರೆ ಊರಲ್ಲಿ ಬೇರೆ ಸಂಸಾರ ಹೂಡಿದ, ಅತ್ತೆ ನಮ್ಮ ಮನೆಗೆ ಬಂದಳು. ಅವತ್ತು ಕೇಳದೆ ಬಿಟ್ಟ ಒಂದು ಪ್ರಶ್ನೆಗೆ ಬದಲಾಗಿ ಆಮೇಲೆ ಇಡೀ ಲೋಕವನ್ನೇ ಕೇಳುತ್ತ ಬಂದಿದ್ದಾಳೆ. ನನಗೆ ಅವಳ ಮೇಲೆ ಸಿಟ್ಟು ಬರುವುದುಂಟು, ಆದರೆ ಆ ಪೆಟ್ಟಿಗೆ ನೆನಪಾದರೆ ಬಾಯಿ ಕಟ್ಟಿಹೋಗುತ್ತದೆ.

ಅವಳು ದುಡಿಯುವುದು ಹೊಲಿಗೆ ಕಾರ್ಖಾನೆಯಲ್ಲಿ. ಬಾಗಿಲ ಪಕ್ಕದ ಮಷೀನೇ ಬೇಕೆಂದು ಹಟ ಹಿಡಿದು ತೆಗೆದುಕೊಂಡಿದ್ದಾಳೆ, ಯಾರು ಬಂದರು ಯಾರು ಹೋದರು ಎಂದು ನೋಡುವುದಕ್ಕೆ. ಕತ್ತರಿಯನ್ನು ಮಷೀನಿನ ಕಾಲಿಗೆ ಲಾಡಿಯಿಂದ ಕಟ್ಟಿರುತ್ತಿದ್ದಳು. ಆ ಲಾಡಿ ಎಷ್ಟು ಗಿಡ್ಡವೆಂದರೆ ಕತ್ತರಿ ಅವಳ ಮಡಿಲು ದಾಟುತ್ತಿರಲಿಲ್ಲ. ಪಕ್ಕದ ಮಷೀನಿನಲ್ಲಿ ಕೂರುವವಳು ಸದಾ ನಗುವ ಹೆಂಗಸು, ಎಲ್ಲರೂ ಅವಳನ್ನು ನಗುಮುಖಿ ಎನ್ನುತ್ತಾರೆ. ಕಾರಣವಿಲ್ಲದೆ ನಗುವವರನ್ನು ನಂಬಬಾರದು ಎಂಬುದು ಅತ್ತೆಯ ಸಿದ್ಧಾಂತ. ತನ್ನ ಕತ್ತರಿಯ ಮೇಲೆ ನಗುಮುಖಿಯ ಕಣ್ಣು ಬಿದ್ದಿದೆ ಎಂದು ವರ್ಷಗಳಿಂದ ಹೇಳುತ್ತಿದ್ದಳು.

ಹೀಗಿದ್ದರೂ ಅವಳಂಥ ಕೈ ಆ ಕಾರ್ಖಾನೆಯಲ್ಲಿ ಇನ್ನೊಂದಿಲ್ಲ. ಅಲ್ಲಿನ ಪದ್ಧತಿ ಹೀಗೆ: ಹೊಸ ಕೆಲಸ ಬಂದರೆ ಮೊದಲ ತುಂಡನ್ನು ಮಾದರಿಯಾಗಿ ಅತ್ತೆ ಹೊಲಿಯಬೇಕು, ಅದನ್ನು ಕಿಟಕಿ ಪಕ್ಕದ ಮೊಳೆಗೆ ನೇತು ಹಾಕುತ್ತಾರೆ. ಉಳಿದವರಿಗೆ ಅನುಮಾನ ಬಂದರೆ ಯಾರನ್ನೂ ಕೇಳುವಂತಿಲ್ಲ, ಎದ್ದು ಹೋಗಿ ಮೊಳೆಯಲ್ಲಿರುವ ತುಂಡನ್ನು ನೋಡಿಕೊಂಡು ಬರಬೇಕು.

ಆ ವರ್ಷ ದೊಡ್ಡ ಆರ್ಡರು ಬಂತು. ತೋಳಿಲ್ಲದ ಅಗಲವಾದ ನಿಲುವಂಗಿ, ಹೊರಗೆ ಕಡುನೀಲಿ, ಒಳಗೆ ಬಿಳಿ ಲೈನಿಂಗ್. ದೂರದೇಶದಲ್ಲಿ ನಡೆಯುವ ದೊಡ್ಡ ಕ್ರೀಡಾಕೂಟದ ಮುಕ್ತಾಯ ಸಮಾರಂಭದಲ್ಲಿ ನರ್ತಕರು ಇದನ್ನು ತೊಡುತ್ತಾರೆ, ಲೋಕವೆಲ್ಲ ನೋಡುತ್ತದೆ, ಅಲ್ಲಿಯವರೆಗೆ ಹೊರಗೆ ಯಾರ ಹತ್ತಿರವೂ ಬಾಯಿ ಬಿಡಬೇಡಿ ಎಂದರು ಯಜಮಾನರು. ಹೆಂಗಸರೆಲ್ಲ ಹಿಗ್ಗಿದರು. ಅತ್ತೆ ಹಿಗ್ಗಲಿಲ್ಲ. ಒಳ್ಳೆಯ ಸುದ್ದಿಯಾದರೆ ಬಾಯಿ ಯಾಕೆ ಮುಚ್ಚಿಕೊಳ್ಳಬೇಕು? ಹಿಂದೊಮ್ಮೆ ಹೊರದೇಶಕ್ಕೆ ಎಂದು ಹೇಳಿ ಹೊಲಿಸಿದ ಬ್ಯಾಗುಗಳು ನಮ್ಮ ಬೀದಿ ಕೊನೆಯ ತಳ್ಳುಗಾಡಿಯ ಮೇಲೆ ಸಿಕ್ಕಿದ್ದವು. ಆಗ ಯಜಮಾನರು ಅವು ನಮ್ಮವಲ್ಲ ಎಂದುಬಿಟ್ಟಿದ್ದರು, ಅತ್ತೆಯ ಹತ್ತಿರ ಸಾಕ್ಷಿ ಇರಲಿಲ್ಲ.

ಈ ಸಲ ಸಾಕ್ಷಿ ಮಾಡಿಕೊಂಡಳು. ನಿಲುವಂಗಿಯ ಒಳಮಗ್ಗುಲಲ್ಲಿ, ಬಿಳಿ ಲೈನಿಂಗಿನ ಕೆಳಮೂಲೆಯಲ್ಲಿ, ಹೆಬ್ಬೆರಳುದ್ದದ ಒಂದು ಕೆಂಪು ಗೆರೆ ಹೊಲಿದಳು. ಒಳಗಿನದು ಯಾರಿಗೆ ಕಾಣುತ್ತದೆ? ನಾಳೆ ತಳ್ಳುಗಾಡಿಯಲ್ಲಿ ಸಿಕ್ಕರೆ ತಿರುಗಿಸಿ ಯಜಮಾನರ ಮುಖಕ್ಕೆ ಹಿಡಿಯಬಹುದು. ಮೊದಲ ತುಂಡಿನಿಂದಲೇ ಶುರು ಮಾಡಿದಳು, ಒಂದನ್ನೂ ಬಿಡಲಿಲ್ಲ. ಮನೆಯಲ್ಲಿ ನನಗೊಬ್ಬಳಿಗೆ ಮಾತ್ರ ಹೇಳಿದಳು, ಅದೂ ಬಾಗಿಲು ಹಾಕಿಕೊಂಡು.

ಮುಕ್ತಾಯದ ದಿನ ಅಲ್ಲಿ ರಾತ್ರಿ, ನಮಗೆ ಬೆಳಗಿನ ಕಾಫಿಯ ಹೊತ್ತು. ನೇರ ಪ್ರಸಾರ ಅಂತಾರೆ, ಹಾಗಾದ್ರೆ ಅಲ್ಲಿ ಯಾಕೆ ಕತ್ತಲೆ ಎಂದು ಅತ್ತೆ ಮೊದಲ ಆಕ್ಷೇಪ ಎತ್ತಿದಳು. ಮಹಡಿ ಮನೆಯ ಮೇಷ್ಟ್ರು ತಮ್ಮ ಟಿವಿ ಕೆಟ್ಟಿದ್ದರಿಂದ ನಮ್ಮಲ್ಲಿಗೆ ಬಂದಿದ್ದರು, ಭೂಮಿ ತಿರುಗುವುದನ್ನು ವಿವರಿಸಲು ಹೋಗಿ ಸೋತರು. ಅವರದೂ ಕಡಿಮೆ ಅನುಮಾನವಲ್ಲ. ಆಕಾಶದ ಪಟಾಕಿಯೆಲ್ಲ ಕಂಪ್ಯೂಟರಿನದು, ಜನರ ಚಪ್ಪಾಳೆ ಹಳೇ ರೆಕಾರ್ಡು ಎಂದರು. ಆಟಗಾರರು ಗುಂಪುಗುಂಪಾಗಿ ನಗುತ್ತ ಬರುವುದನ್ನು ಕಂಡು, ಮೊದಲ ದಿನ ಬರುವಾಗ ಸಾಲಿನಲ್ಲಿ ಬಂದಿದ್ದರು, ಹೋಗುವಾಗ ಊಟ ಮುಗಿಸಿದ ನೆಂಟರ ಹಾಗೆ ಹೋಗುತ್ತಿದ್ದಾರೆ ಎಂದು ಅಪ್ಪ ಗೊಣಗಿದ. ಬಾವುಟ ಇಳಿಸುವಾಗ ಅಮ್ಮ ಅತ್ತಳು. ಅತ್ತದ್ದು ಯಾರ ಬಾವುಟಕ್ಕೆ ಎಂದು ಅತ್ತೆ ವಿಚಾರಿಸಿದಳು.

ಅಷ್ಟರಲ್ಲಿ ಮೈದಾನದ ತುಂಬ ನೀಲಿ ನಿಲುವಂಗಿಗಳು ಬಂದವು.

ನಾನು ಅತ್ತೆಯ ಭುಜ ಹಿಡಿದು ಅಲುಗಿಸಿದೆ. ಅವಳು ಕದಲಲಿಲ್ಲ. ನೀಲಿ ಬಟ್ಟೆ ಲೋಕದ ತುಂಬ ಇದೆ, ಇದೇ ನಮ್ಮದು ಅಂತ ಏನು ಖಾತ್ರಿ ಎಂದಳು. ಬಾಯಲ್ಲಿ ಹಾಗೆಂದರೂ ಕಾಫಿ ಲೋಟ ಕೆಳಗಿಟ್ಟು ಟಿವಿಯ ಹತ್ತಿರಕ್ಕೆ ಜರುಗಿ ಕೂತಳು. ತಾನು ಹೊಲಿದದ್ದು ನಿಜಕ್ಕೂ ಅಲ್ಲಿಗೆ ಹೋಗಿರಲಿ, ಒಂದು ಸಲವಾದರೂ ತನಗೆ ಹೇಳಿದ ಮಾತು ನಿಜವಾಗಲಿ ಎಂದು ಅವಳಿಗೆ ಎಷ್ಟು ಆಸೆಯಿತ್ತೆಂಬುದು ನನಗೆ ಆಗಲೇ ತಿಳಿದದ್ದು.

ವಾದ್ಯ ನಿಂತಿತು, ದೀಪ ಆರಿತು. ನರ್ತಕರೆಲ್ಲ ಒಟ್ಟಿಗೆ ನಿಲುವಂಗಿ ಕಳಚಿ, ಒಳಗನ್ನು ಹೊರಗೆ ಮಾಡಿ ತೊಟ್ಟು, ಕೆಳಮೂಲೆಗಳನ್ನು ಹಿಡಿದು ಮುಖದ ಮಟ್ಟಕ್ಕೆ ಎತ್ತಿದರು. ದೀಪ ಬಂದಾಗ ಮೈದಾನವೆಲ್ಲ ಬಿಳಿ. ಕ್ಯಾಮೆರಾ ಒಬ್ಬಳ ಹತ್ತಿರ ಹೋಯಿತು. ಅವಳ ಕೆನ್ನೆಯ ಪಕ್ಕದಲ್ಲೇ ಕೆಂಪು ಗೆರೆ.

“ನಂದು,” ಎಂದು ಅತ್ತೆ ಎದ್ದು ನಿಂತಳು.

ಕ್ಯಾಮೆರಾ ಮುಂದಿನವಳತ್ತ ಹೋಯಿತು. ಅಲ್ಲೂ ಗೆರೆ. ಅದರಾಚೆಯವಳದರಲ್ಲೂ ಗೆರೆ. ಸಾಲು ಸಾಲಾಗಿ, ಒಂದೂ ತಪ್ಪದೆ, ಎಲ್ಲರ ಕೈಯಲ್ಲೂ ಗೆರೆ. ಅತ್ತೆಯ ಮುಖ ಬಿಳುಚಿಕೊಂಡಿತು. ಅವಳು ಹೊಲಿದದ್ದು ಅಷ್ಟರಲ್ಲಿ ಒಂದು ಪಾಲು ಮಾತ್ರ. ಉಳಿದವಕ್ಕೆ ಗೆರೆ ಎಳೆದವರು ಯಾರು?

ಇದು ನಗುಮುಖಿಯ ಕೆಲಸವೇ ಎಂದು ಅವಳು ತೀರ್ಮಾನಿಸಿಬಿಟ್ಟಳು. ತನ್ನ ಗುಟ್ಟನ್ನು ಕದ್ದು ನೋಡಿ, ತನ್ನನ್ನು ಸಿಕ್ಕಿಸಲೆಂದೇ ಎಲ್ಲರ ಬಟ್ಟೆಗೂ ಹಾಕಿಸಿದ್ದಾಳೆ. ಅದಕ್ಕೇ ಅಷ್ಟು ನಗು.

ಸಂಜೆಯೊಳಗೆ ಮೊಬೈಲುಗಳಲ್ಲಿ ಆ ಗೆರೆಯದೇ ಮಾತು. ಅದು ಗುಪ್ತ ಸಂಕೇತವೆಂದರು ಕೆಲವರು, ಶತ್ರುದೇಶಕ್ಕೆ ಸಂದೇಶವೆಂದರು ಕೆಲವರು. ಯಾವುದೋ ಕಂಪನಿಯ ಕಳ್ಳ ಜಾಹೀರಾತು ಎಂದವರೂ ಉಂಟು. ಮಹಡಿ ಮನೆ ಮೇಷ್ಟ್ರು ಮೆಟ್ಟಿಲಿಳಿದು ಬಂದು ಅದು ರಕ್ತ, ಸಂಶಯವೇ ಇಲ್ಲ ಎಂದರು. ಅತ್ತೆ ಒಬ್ಬಳೇ ಸುಮ್ಮನಿದ್ದಳು. ಲೋಕವೆಲ್ಲ ಅನುಮಾನಪಡುತ್ತಿದ್ದಾಗ ನಮ್ಮ ಪತ್ತೇದಾರಿ ಬಾಯಿಗೆ ಬೀಗ ಹಾಕಿ ಕೂತದ್ದು ಅದೇ ಮೊದಲು.

ಮರುದಿನ ಕಾರ್ಖಾನೆಯಲ್ಲಿ ನಡೆದದ್ದನ್ನು ನಾನು ಅತ್ತೆಯ ಬಾಯಿಂದ ಕೇಳಿದೆ. ಅವಳ ಮಾತನ್ನು ಪೂರ್ತಿ ನಂಬುವ ಹಾಗಿಲ್ಲ, ಅದಕ್ಕೆ ನಗುಮುಖಿಯನ್ನೂ ಕೇಳಿ ತಾಳೆ ನೋಡಿದೆ. ಇಬ್ಬರದೂ ಒಂದೇ. ಯಜಮಾನರು ಫೋನ್ ಹಿಡಿದುಕೊಂಡೇ ಒಳಗೆ ಬಂದರಂತೆ. ಅಲ್ಲಿಯವರು ಕೇಳುತ್ತಿದ್ದಾರೆ, ಗೆರೆ ಹಾಕಿದವರು ಯಾರು, ಈಗಲೇ ಹೇಳದಿದ್ದರೆ ಎಲ್ಲರೂ ಮನೆಗೆ ಎಂದರಂತೆ. ಅತ್ತೆ ನಗುಮುಖಿಯನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದಳು.

ನಗುಮುಖಿ ಎದ್ದು ನಿಂತಳು. “ಮೊಳೆ ಮೇಲಿನ ತುಂಡಲ್ಲಿ ಇತ್ತಲ್ಲ ಸರ್. ಅದನ್ನ ನೋಡ್ಕೊಂಡೇ ಹಾಕಿದ್ದು.”

ಉಳಿದವರೂ ಹೌದೆಂದರು. ಗೆರೆಯಿಲ್ಲದ ಕೆಲವನ್ನು ಚೆಕಿಂಗಿನವಳು ವಾಪಸು ಕಳಿಸಿ, ಹಾಕಿಸಿಕೊಂಡು ಪಾಸು ಮಾಡಿದ್ದಳಂತೆ. ಯಜಮಾನರು ಹೋಗಿ ಮೊಳೆಯಲ್ಲಿದ್ದ ತುಂಡನ್ನು ತಿರುಗಿಸಿದರು. ಇತ್ತು. ಅದು ಯಾರ ಕೈಯದೆಂದು ಎಲ್ಲರಿಗೂ ಗೊತ್ತು, ಒಬ್ಬರೂ ಅತ್ತೆಯ ಕಡೆ ನೋಡಲಿಲ್ಲ. ಅತ್ತೆ ಅಷ್ಟು ದಿನವೂ ಎಲ್ಲರ ಕೈ ಮೇಲೆ ಕಣ್ಣಿಟ್ಟಿದ್ದಳು, ಕೈಯಲ್ಲಿದ್ದ ಬಟ್ಟೆಯ ಮೇಲೆ ಇಟ್ಟಿರಲಿಲ್ಲ.

“ನಾನೇ ಹಾಕಿದ್ದು,” ಎಂದಳು ಅತ್ತೆ. “ನಿಮ್ಮ ಮಾತಿನ ಮೇಲೆ ನಂಬಿಕೆ ಬರಲಿಲ್ಲ. ಬ್ಯಾಗಿನ ಥರಾನೇ ಇದೂ ಗಾಡಿ ಮೇಲೆ ಬಂದ್ರೆ ಗೊತ್ತಾಗಲಿ ಅಂತ.”

ಯಜಮಾನರ ಮುಖ ಕೆಂಪಾಯಿತು. ನಾಳೆಯಿಂದ ಬರಬೇಡ ಎಂದರು. ಆಮೇಲೆ ಉಳಿದವರ ಕಡೆ ತಿರುಗಿ, ಇದೇನು ಗೆರೆ ಎಂದು ಒಬ್ಬರಿಗಾದರೂ ಕೇಳುವಷ್ಟು ಬುದ್ಧಿ ಇರಲಿಲ್ಲವೇ ಎಂದು ರೇಗಿದರು.

“ಅಕ್ಕ ಹಾಕಿದ್ರೆ ಅದು ಸರಿಯಾಗೇ ಇರುತ್ತೆ ಸರ್,” ಎಂದಳು ನಗುಮುಖಿ. “ಅದರಲ್ಲಿ ಕೇಳೋದೇನು?”

ಮನೆಗೆ ಬಂದ ಅತ್ತೆ ಚಪ್ಪಲಿ ಬಿಡದೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತಳು. ಕೆಲಸ ಹೋಯಿತೆಂದು ಅಳುತ್ತಿದ್ದಾಳೆ ಅಂದುಕೊಂಡು ನಾನು ಸಮಾಧಾನ ಮಾಡಲು ಹೋದೆ. ಅವಳು ನನ್ನ ಕೈ ತಳ್ಳಿದಳು.

“ಅಷ್ಟು ಜನ ಇದ್ರು, ಒಬ್ಬಳೂ ಕೇಳಲಿಲ್ಲ ಕಣೆ. ಹಾಗೆಲ್ಲ ನಂಬೋದಾ ಯಾರನ್ನಾದ್ರೂ?”

ನಾನು ಅವಳ ಪಕ್ಕದಲ್ಲೇ ಕೂತೆ. ಇಬ್ಬರೂ ಆ ಪೆಟ್ಟಿಗೆಯನ್ನೇ ನೆನೆಯುತ್ತಿದ್ದೆವು ಎಂದು ಕಾಣುತ್ತದೆ.

ಎರಡು ದಿನವಾದ ಮೇಲೆ ಆ ಸಮಾರಂಭದ ನಿರ್ದೇಶಕ ಟಿವಿಯಲ್ಲಿ ಬಂದ. ಕೆಂಪು ಗೆರೆ ತನ್ನದೇ ಕಲ್ಪನೆ, ಅದು ಓಟದ ಕೊನೆಯ ಗೆರೆ, ಗೆದ್ದವರಂತೆ ಸೋತವರೂ ಮುಟ್ಟುವ ಗೆರೆ ಎಂದು ಕಣ್ಣು ಮುಚ್ಚಿಕೊಂಡು ಹೇಳಿದ. ಅಮ್ಮ ಮತ್ತೆ ಅತ್ತಳು. ಮೇಷ್ಟ್ರು ತಾವೂ ಇದನ್ನೇ ಹೇಳಿದ್ದು ಎಂದರು. ಮರುಬೆಳಿಗ್ಗೆ ಯಜಮಾನರಿಂದ ಬುಲಾವ್ ಬಂತು, ಅತ್ತೆ ಕೂಡಲೇ ಕೆಲಸಕ್ಕೆ ಬರಬೇಕಂತೆ. ಇದರಲ್ಲಿ ಏನೋ ಮೋಸವಿದೆ ಎಂದುಕೊಂಡೇ ಹೋದಳು. ಮೋಸವೇನೂ ಇರಲಿಲ್ಲ. ಆ ಗೆರೆಯ ಸಲಹೆ ಕೊಟ್ಟದ್ದು ತಾವೇ ಎಂದು ಯಜಮಾನರು ಆಗಲೇ ಹೇಳಿಕೊಂಡು ತಿರುಗುತ್ತಿದ್ದರು, ಅಷ್ಟೆ.

ಹೊಸ ಆರ್ಡರಿನ ಮೊದಲ ತುಂಡನ್ನೂ ಅತ್ತೆಯೇ ಹೊಲಿದಳು. ಯಜಮಾನರು ಅದನ್ನು ಒಳಹೊರಗು ಮಾಡಿ, ಬೆಳಕಿಗೆ ಹಿಡಿದು ನೋಡಿದ ಮೇಲೇ ಮೊಳೆಗೆ ಹಾಕಿದರು. ಅವರಿಗೂ ರೋಗ ಅಂಟಿತು.

ಮೊನ್ನೆ ಅತ್ತೆ ಮರೆತು ಬಿಟ್ಟಿದ್ದ ಊಟದ ಡಬ್ಬಿ ಕೊಡಲು ನಾನು ಕಾರ್ಖಾನೆಗೆ ಹೋಗಿದ್ದೆ. ಬಾಗಿಲಲ್ಲಿ ಕಾಲಿಡುವ ಮೊದಲೇ, ಈ ಹೊತ್ತಿನಲ್ಲಿ ಯಾಕೆ ಬಂದೆ ಎಂದು ಕೇಳಿದಳು. ನಗುಮುಖಿ ಏನೋ ಕತ್ತರಿಸುತ್ತ ಕೂತಿದ್ದಳು, ಅವಳ ಕೈಯಲ್ಲಿದ್ದದ್ದು ಅತ್ತೆಯ ಕತ್ತರಿ. ನಾನು ಬಗ್ಗಿ ನೋಡಿದೆ. ಕತ್ತರಿ ಇನ್ನೂ ಅತ್ತೆಯ ಮಷೀನಿನ ಕಾಲಿಗೇ ಕಟ್ಟಿತ್ತು. ಆದರೆ ಅತ್ತೆ ಹಳೆಯ ಲಾಡಿಗೆ ಹೊಸದೊಂದನ್ನು ಕೂಡಿಸಿ ಹೊಲಿದಿದ್ದಳು. ಅದು ಸರಿಯಾಗಿ ನಗುಮುಖಿಯ ಮಷೀನಿನವರೆಗೆ ಮುಟ್ಟುತ್ತಿತ್ತು.