ಸೋಜರ ದಿಬ್ಬ

ಹಂಗಳದಿಂದ ಕಾಡಿನ ಕಡೆಗೆ ಹೋಗುವ ಗಾಡಿದಾರಿಯಲ್ಲಿ ಕೊನೆಯ ಹೊಲ ಗುರುಸಿದ್ದಮ್ಮನ ಗಂಡ ಶಿವರುದ್ರಸ್ವಾಮಿಯದು. ಅದರ ಮೇಲ್ತುದಿಯಲ್ಲಿ ಎರಡಾಳೆತ್ತರದ ಉದ್ದನೆಯ ಮಣ್ಣಿನ ದಿಬ್ಬ. ದಿಬ್ಬದ ಮುಂದೆ ಗಾರೆ ಗೋಡೆ ಕಟ್ಟಿದ ಆಳವಾದ ಕಂದಕ, ಅದರೊಳಗೆ ತುಕ್ಕು ಹಿಡಿದ ಕಬ್ಬಿಣದ ಕಂಬಿಗಳು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಬಿಳಿ ಸಿಪಾಯಿಗಳು ಗುಡಾರ ಹಾಕಿದ್ದರಂತೆ. ಹಳಬರ ಬಾಯಲ್ಲಿ ಅವರು ಸೋಜರು. ಸತ್ತ ಸೋಜರನ್ನೆಲ್ಲ ಒಟ್ಟಿಗೆ ಹೂತ ಗುಡ್ಡೆಯೇ ಅದು ಎನ್ನುವುದು ಊರಿನ ನಂಬಿಕೆ. ಸುತ್ತಲಿನ ಅರ್ಧ ಎಕರೆಗೆ ನೇಗಿಲು ಇಳಿದಿರಲಿಲ್ಲ.

ಗುರುಸಿದ್ದಮ್ಮನ ಅತ್ತೆ ಗುರುಮಲ್ಲಮ್ಮನಂತೂ ಆ ಕಡೆ ತಲೆಹಾಕುತ್ತಿರಲಿಲ್ಲ. ಯುದ್ಧ ಮುಗಿದು ಸೋಜರು ಹೋದ ಎಷ್ಟೋ ವರ್ಷಕ್ಕೆ, ಚೊಚ್ಚಲ ಬಸುರಿಯಾಗಿದ್ದಾಗ, ಹುರುಳಿ ಕೀಳಲು ಹೋದವರು ಬಿಸಿಲಿಗೆ ಸೋತು ಆ ಕಂದಕದ ನೆರಳಲ್ಲಿ ಒಂದು ಜೊಂಪು ಮಲಗಿದ್ದರು. ಹುಟ್ಟಿದ ಗಂಡುಕೂಸು ತಿಂಗಳು ತುಂಬುವ ಮೊದಲೇ ತೀರಿಕೊಂಡಿತು. ‘ಗೋರಿ ತುಳಿದು ಬಂದವಳು’ ಎಂದು ಅವರ ಅತ್ತೆ ಆಡಿದ ಮಾತು ಮನೆಯಲ್ಲಿ ಉಳಿದುಬಿಟ್ಟಿತು. ಆಮೇಲೆ ಶಿವರುದ್ರಸ್ವಾಮಿ ಹುಟ್ಟಿ, ಬೆಳೆದು, ಮದುವೆಯಾದರೂ ಆ ಮಾತು ಹಳೆಯದಾಗಲಿಲ್ಲ.

ತೊಂಬತ್ತನಾಲ್ಕರ ಮುಂಗಾರು ಹೊಲದ ಕೆಳಭಾಗವನ್ನು ಸೀಳಿಹಾಕಿತು. ಕೊರಕಲು ತುಂಬಲು ಮಣ್ಣು ಬೇಕಾಯಿತು. ಗುರುಸಿದ್ದಮ್ಮನ ಕಣ್ಣು ದಿಬ್ಬದ ಮೇಲೆ ಬಿತ್ತು.

“ಅದ ಮುಟ್ಬ್ಯಾಡ,” ಅಂದ ಶಿವರುದ್ರಸ್ವಾಮಿ. “ಅವ್ವ ಎದೆ ಒಡ್ಕತಾಳೆ.”

“ಮಣ್ಣು ತಾನೆ? ಮೂಳೆ ಸಿಕ್ರೆ ಮುಚ್ಬುಟ್ಟು, ಕೈ ಮುಗ್ದು ಬತ್ತೀನಿ ಬುಡಿ.”

ಮೂಳೆ ಸಿಗಲಿಲ್ಲ. ಸಿಕ್ಕಿದ್ದು ಸೀಸದ ತುಂಡುಗಳು, ಮೂತಿ ಜಜ್ಜಿಹೋದವು, ಮಂಕರಿ ತುಂಬುವಷ್ಟು. ಶಿವರುದ್ರಸ್ವಾಮಿ ಒಂದನ್ನು ಕೈಗೆತ್ತಿಕೊಂಡವನೇ ಕೆಳಗೆ ಬಿಸಾಕಿದ. “ಗುಂಡು ಕಣಮ್ಮಿ! ಸಾಲಾಗಿ ನಿಲ್ಸಿ ಒಡ್ದವ್ರೆ ಇಲ್ಲೇ!” ಅವತ್ತಿನಿಂದ ಅವನು ಗುದ್ದಲಿ ಮುಟ್ಟಲಿಲ್ಲ.

ಗುರುಸಿದ್ದಮ್ಮ ಒಬ್ಬಳೇ ಅಗೆದಳು. ದಿಬ್ಬದ ಹಿಂಬದಿಯಲ್ಲಿ ಒಂದು ಗುಂಡೂ ಇರಲಿಲ್ಲ. ಇದ್ದದ್ದೆಲ್ಲ ಕಂದಕದ ಮಗ್ಗುಲಲ್ಲಿ, ಒಂದೊಂದು ಮಾರಿನ ಅಂತರದಲ್ಲಿ ಗುಂಪು ಗುಂಪಾಗಿ. ಸಂಜೆ ಊಟಕ್ಕೆ ಕೂತಾಗ ಗಂಡನನ್ನು ಕೇಳಿದಳು: “ಇಷ್ಟು ಗುಂಡಿಗೆ ಎಷ್ಟು ಜನ ಸಾಯ್ಬೇಕಿತ್ತು? ಒಂದು ಬೆರಳಿನ ಮೂಳೆನಾದ್ರೂ ಬ್ಯಾಡ್ವಾ?”

ಅವನು ಮುದ್ದೆ ಮುರಿದು ಸಾರಿಗೆ ಅದ್ದಿದ.

ಅವಳ ಸೋದರಮಾವ ನೀಲಕಂಠಸ್ವಾಮಿ ಮಿಲಿಟರಿಯಿಂದ ರಿಟೈರಾಗಿ ಚಾಮರಾಜನಗರದಲ್ಲಿದ್ದರು. ಗುರುಸಿದ್ದಮ್ಮ ನಾಲ್ಕು ಗುಂಡನ್ನು ಸೆರಗಿಗೆ ಗಂಟು ಹಾಕಿಕೊಂಡು ಬಸ್ಸು ಹತ್ತಿದಳು. ಮಾವ ಗುಂಡು ನೋಡಿದರು, ಕಂದಕದ ಗೋಡೆ ಯಾವ ಕಡೆಗಿದೆ ಎಂದು ಕೇಳಿದರು, ಮರುದಿನ ತಾವೇ ಬಂದರು.

ಕಂದಕಕ್ಕೆ ಇಳಿದು ಕಂಬಿಗಳನ್ನು ತಡವಿ ನೋಡಿ ಜೋರಾಗಿ ನಕ್ಕರು. “ನಾನೂ ಇಂಥದ್ರಲ್ಲಿ ಎಷ್ಟು ದಿನ ಕುಕ್ಕುರುಗಾಲಲ್ಲಿ ಕೂತಿವ್ನಿ! ಫೈರಿಂಗ್ ರೇಂಜ್ ಕಣಮ್ಮಿ ಇದು. ಗುರಿ ಕಲಿಯೋ ಜಾಗ. ಒಳಗೆ ಕೂತೋರು ಕಾಗದದ ಗೊಂಬೆನ ಈ ಕಂಬಿ ಮ್ಯಾಲೆ ಎತ್ತೋರು. ಆಚೆಯಿಂದ ಒಡೆಯೋರು. ಗುಂಡು ಗೊಂಬೆ ತೂರಿ ದಿಬ್ಬಕ್ಕೆ ಓಗ್ತಿತ್ತು.”

“ಆಚೆ ಅಂದ್ರೆ ಎಲ್ಲಿಂದ ಮಾವ?”

ಅವರು ದಿಬ್ಬಕ್ಕೆ ಬೆನ್ನು ಹಾಕಿ ನೆಟ್ಟಗೆ ನಡೆದರು. ಪಕ್ಕದ ಹೊಲದಲ್ಲಿ ಯಾರಿಗೂ ಅರ್ಥವಾಗದೆ ಉಳಿದಿದ್ದ ಒಂದು ಅಡ್ಡ ಬದು ಸಿಕ್ಕಿತು. ಅದರ ಬುಡ ಕೆದಕಿದಾಗ ಹಸಿರುಗಟ್ಟಿದ, ಗುಂಡಿನ ಖಾಲಿ ತೋಟಾಗಳು ಬಂದವು. “ಇಲ್ಲಿಂದ,” ಅಂದರು ಮಾವ. ದೂರ ನಿಂತು ನೋಡುತ್ತಿದ್ದ ಶಿವರುದ್ರಸ್ವಾಮಿ ಆಗ ಹತ್ತಿರ ಬಂದ.

ಮನೆಗೆ ಬಂದು ಗುರುಮಲ್ಲಮ್ಮನಿಗೆ ಎಲ್ಲವನ್ನೂ ಹೇಳಿದರು. ಅತ್ತೆ ಹೊಸ್ತಿಲ ಪಕ್ಕ ಕೂತು ಕೇಳಿಸಿಕೊಂಡರು.

“ಅಂಗಾರೆ ಒಬ್ರೂ ಸತ್ತಿಲ್ವಾ ಅಲ್ಲಿ?”

“ಇಲ್ಲ ಕಣಕ್ಕ. ಸತ್ತಿದ್ದೆಲ್ಲ ಕಾಗದದ ಗೊಂಬೆ,” ಅಂದರು ನೀಲಕಂಠಸ್ವಾಮಿ.

“ಮತ್ತೆ ನನ್ ಕೂಸು ಯಾತುಕ್ಕೆ ಓಯ್ತು?”

ಗುರುಸಿದ್ದಮ್ಮ ಅತ್ತೆಯ ಪಕ್ಕ ಕೂತಳು. “ಜ್ವರಕ್ಕೋ ಏನಕ್ಕೋ ಓಗಿರ್ತದೆ ಅತ್ತೆ. ಆಗ ಯಾರ ಮನೇಲಿ ಓಗಿಲ್ಲ? ನೀವು ಅಲ್ಲಿ ಮಲಗಿದ್ದಕ್ಕೆ ಅಲ್ಲ.”

ಗುರುಮಲ್ಲಮ್ಮ ಅಳಲಿಲ್ಲ. ಅವರಿಗೆ ಸಿಟ್ಟು ಬಂತು. “ಸಾಯೋಗಂಟ ನಮ್ಮತ್ತೆ ನನ್ನ ಯಾವ ಬಾಣಂತಿ ಕ್ವಾಣೆಗೂ ಬುಡ್ಲಿಲ್ಲ. ಆಮೇಲೆ ನಾನೇ ಓಗ್ಲಿಲ್ಲ. ನಿನ್ ಮಗಳ್ನೂ ಎತ್ಕೊಳ್ಳಿಲ್ಲ, ಏನಾದ್ರೂ ಆಗ್ಬುಟ್ರೆ ಅಂತ.”

ಮಗಳು ರೂಪಶ್ರೀ ಹುಟ್ಟಿದಾಗ ಅತ್ತೆ ಬಾಗಿಲಲ್ಲೇ ನಿಂತು ನೋಡಿ ಹೋಗಿದ್ದರು. ಹೆಣ್ಣು ಹುಟ್ಟಿತೆಂದು ಮುನಿಸು ಅಂದುಕೊಂಡು ಇಷ್ಟು ವರ್ಷ ಗುರುಸಿದ್ದಮ್ಮನೂ ಅತ್ತೆಯ ಜೊತೆ ಅಳೆದು ತೂಗಿಯೇ ಮಾತಾಡಿದ್ದಳು. ಎದ್ದು ಹೋಗಿ ನೀರು ತಂದುಕೊಟ್ಟಳು.

ಮಾರನೆಯ ವಾರ ಗುರುಮಲ್ಲಮ್ಮ ಸೊಸೆಯ ತೋಳು ಹಿಡಿದು ಹೊಲಕ್ಕೆ ಬಂದರು. ಕಂದಕವನ್ನು ತುಂಬ ಹೊತ್ತು ನೋಡಿದರು. “ನೆರಳು ಮಾತ್ರ ಚೆನ್ನಾಗಿತ್ತು ಕಣಮ್ಮಿ,” ಅಂದರು.

ಅರ್ಧ ದಿಬ್ಬ ಕರಗಿ ಕೊರಕಲು ತುಂಬಿತು. ಉಳದೆ ಬಿಟ್ಟಿದ್ದ ಅರ್ಧ ಎಕರೆಯಲ್ಲಿ ಶಿವರುದ್ರಸ್ವಾಮಿ ಹುರುಳಿ ಚೆಲ್ಲಿದ. ಕಂದಕವನ್ನು ಮುಚ್ಚಲಿಲ್ಲ, ಕುರಿ ಕಾಯುವವರು ಬಿಸಿಲೇರಿದರೆ ಅಲ್ಲಿ ನೆರಳಿಗೆ ಕೂರತೊಡಗಿದರು. ಕಾರ್ತಿಕದಲ್ಲಿ ನೆರೆಮನೆಯ ಚಿಕ್ಕಮಲ್ಲಮ್ಮನ ಮಗಳು ಹೆತ್ತಳು. ಕೂಸಿಗೆ ನೀರು ಹಾಕಲು ಗುರುಮಲ್ಲಮ್ಮ ಯಾರೂ ಕರೆಯದೆಯೇ ಹೋದರು. ಚಿಕ್ಕಮಲ್ಲಮ್ಮ ಬಾಗಿಲಲ್ಲಿ ಒಂದು ಗಳಿಗೆ ತಡೆದು ನಿಂತು, ಆಮೇಲೆ ಪಕ್ಕಕ್ಕೆ ಸರಿದು, ಹರಳೆಣ್ಣೆಯ ಬಟ್ಟಲನ್ನು ಅವರ ಕೈಗಿತ್ತಳು.