ಟೈಪಿಂಗ್ ಅಕ್ಕೋರ ಎಪ್ಪತ್ತೆರಡು ಅರ್ಜಿಗಳು

ಹೋದ ವಾರ ನಮ್ಮ ಮನೆಯ ಲೇಸರ್ ಪ್ರಿಂಟರ್ ಎರಡು ಹಾಳೆ ಒಟ್ಟಿಗೆ ಎಳೆದುಕೊಂಡು ನಿಂತುಬಿಟ್ಟಿತು. ಹಿಂದಿನ ಬಾಗಿಲು ತೆರೆದೆ. ಬಿಸಿ ಕಾಗದದ, ಟೋನರಿನ ವಾಸನೆ ಮುಖಕ್ಕೆ ಬಡಿಯಿತು... ಸಿದ್ದಾಪುರದ ಟೈಪಿಂಗ್ ಅಕ್ಕೋರು ನೆನಪಾದರು.

ಅವರು ಶಾಲೆಯ ಟೀಚರಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಟೈಪಿಂಗ್ ಕಲಿಸುತ್ತಿದ್ದರು, ಹಾಗಾಗಿ ಎಲ್ಲರಿಗೂ ಅಕ್ಕೋರು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಕಲಿಯುವವರು ಕಡಿಮೆಯಾದಾಗ ಇನ್ನು ಬಾಗಿಲು ಹಾಕುತ್ತಾರೆ ಎಂದು ಜನ ಆಡಿಕೊಂಡರು. ಐವತ್ತು ದಾಟಿದ್ದ ಅಕ್ಕೋರು ಹುಬ್ಬಳ್ಳಿಯಿಂದ ಒಂದು ಕಂಪ್ಯೂಟರ್, ಯಾರೋ ಬಳಸಿ ಬಿಟ್ಟಿದ್ದ ಲೇಸರ್ ಪ್ರಿಂಟರ್ ತರಿಸಿಕೊಂಡರು.

ಆಗಲೇ ನಮ್ಮ ಹಳ್ಳಿಯಿಂದ ಸಿದ್ದಾಪುರದ ಕಾಲೇಜಿಗೆ ಬರಲು ಇದ್ದ ಒಂದೇ ಬೆಳಗಿನ ಬಸ್ಸನ್ನು ನಿಲ್ಲಿಸುತ್ತಾರೆಂಬ ಸುದ್ದಿ ಬಂತು. "ಬಸ್ಸಿಲ್ಲೆ ಅಂದ್ರೆ ಕಾಲೇಜೂ ಇಲ್ಲೆ" ಎಂದುಬಿಟ್ಟರು ಅಪ್ಪ. ನಾವೆಲ್ಲ ಸಹಿ ಹಾಕಿ ಕೊಟ್ಟ ಅರ್ಜಿ ಸಾರಿಗೆ ಕಚೇರಿಯಲ್ಲಿ ಕಳೆದುಹೋಗಿತ್ತು. ಆಕ್ಷೇಪಣೆಗೆ ಉಳಿದದ್ದು ಒಂದೇ ದಿನ. ಅವರ ಹತ್ತಿರ ಟೈಪಿಂಗ್ ಕಲಿಯುತ್ತಿದ್ದ ನಾನು ಇದನ್ನು ಹೇಳಿದಾಗ, ಆ ಬಸ್ಸಿಗೆ ಬರುವ ಎಪ್ಪತ್ತೆರಡು ಜನರ ಹೆಸರಿನಲ್ಲೂ ಬೇರೆ ಬೇರೆ ಅರ್ಜಿ ಕೊಡೋಣ ಎಂದರು ಅಕ್ಕೋರು.

ಒಂಬತ್ತು ಅರ್ಜಿ ಪ್ರಿಂಟಾಗಿ ಬಂದವು. ಆಮೇಲೆ ಯಂತ್ರ ಗರಗರ ಎನ್ನುತ್ತಿತ್ತು, ಹಾಳೆ ಮಾತ್ರ ಒಳಗೆ ಹೋಗುತ್ತಿರಲಿಲ್ಲ. ರಿಪೇರಿಯವನು ಬಂದು ಹಾಳೆಯ ತಟ್ಟೆ ಎಳೆದು ನೋಡಿದ. "ಮುಗೀತ್ರಿ ಮೇಡಂ, ಹೊಸಾದು ತಗೋರಿ. ನೀವು ಬಿಚ್ಚಾಕ ಹೋಗಬ್ಯಾಡ್ರಿ, ನಿಮಗ ತಿಳಿಯಂಗಿಲ್ಲ" ಎಂದು ಹೊರಟುಹೋದ.

ಅಕ್ಕೋರು ಪ್ಲಗ್ ಕಿತ್ತರು. ಯಂತ್ರ ತಣ್ಣಗಾಗುವವರೆಗೆ ಕಾದು ಸ್ಕ್ರೂಡ್ರೈವರ್ ತೆಗೆದುಕೊಂಡರು.

"ಇಷ್ಟು ವರ್ಷ ಟೈಪ್‌ರೈಟರ್ ಬಿಚ್ಚಿ ಜೋಡ್ಸಿದ್ದೆ. ಇದ್ರಲ್ಲಿ ಎಂತ ಇದ್ದು, ಆನೂ ನೋಡ್ತೆ. ಬ್ಯಾಟರಿ ಹಿಡಿ ಕೂಸೇ."

ನಾನು ಹಿಡಿದ ಟಾರ್ಚಿನ ಬೆಳಕಿನಲ್ಲಿ ನೋಡಿದರೆ, ಹಾಳೆ ಎಳೆಯುವ ಉರುಳೆಯ ರಬ್ಬರು ಒಂದು ಕಡೆ ಸವೆದು ಗಾಜಿನಂತೆ ಹೊಳೆಯುತ್ತಿತ್ತು. ಇನ್ನೊಂದು ಕಡೆ ತರಿತರಿಯಾಗಿಯೇ ಇತ್ತು. ರಬ್ಬರನ್ನು ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ತಿರುಗಿಸಿ ಹಾಕಿದರು. ತಟ್ಟೆಯಲ್ಲಿದ್ದ ಹಾಳೆಗಳು ತಂಡಿ ಹೀರಿ ಅಂಚು ಮಡಚಿಕೊಂಡಿದ್ದವು. ಅವನ್ನು ತೆಗೆದು, ಹೊಸ ಕಟ್ಟು ಒಡೆದು, ಹಾಳೆಗಳ ನಡುವೆ ಗಾಳಿಯಾಡುವಂತೆ ಬಿಡಿಸಿ, ಸ್ವಲ್ಪವೇ ಇಟ್ಟರು. ಮೊದಲ ಹಾಳೆ ಸರ್ರನೆ ಒಳಗೆ ಹೋಯಿತು. ಮಧ್ಯೆ ಮತ್ತೊಮ್ಮೆ ಸಿಕ್ಕಿಕೊಂಡಿತು. ಬೈದುಕೊಳ್ಳುತ್ತಲೇ ಮೆಲ್ಲಗೆ ಎಳೆದು ತೆಗೆದರು.

ಕಾಲೇಜು ಬಿಟ್ಟ ಮೇಲೆ ಉಳಿದವರೆಲ್ಲ ಬಂದು ಸಹಿ ಹಾಕಿದರು. ನಾಲ್ಕು ಗಂಟೆಗೆ ಕಚೇರಿಯಲ್ಲಿದ್ದೆವು.

"ಎಲ್ಲ ಸೇರಿ ಒಂದೇ ಅರ್ಜಿ ಕೊಟ್ಟಿದ್ರೆ ಆಗ್ತಿತ್ತಲ್ಲ ಮೇಡಂ" ಎಂದ ಸಾಹೇಬರಿಗೆ ಅಕ್ಕೋರು ಹೇಳಿದರು: "ಕೊಟ್ಟಿದ್ವಿ. ನೀವು ಕಳೆದ್ರಿ. ಈಗ ಎಪ್ಪತ್ತೆರಡೂ ಕಳೀರಿ, ನೋಡೋಣ."

ಬಸ್ಸು ನಿಂತೇ ಹೋಯಿತು. ನಾನು ಮನೆಯಲ್ಲಿ ಕೂತು ಅತ್ತೆ. ಅಕ್ಕೋರು ಅಳಲಿಲ್ಲ. ಪ್ರತಿ ಸೋಮವಾರ ಮತ್ತೆ ಎಪ್ಪತ್ತೆರಡು ಅರ್ಜಿ ತೆಗೆದರು, ಅದೇ ಮೇಜಿನ ಮೇಲೆ ಇಟ್ಟು ಬಂದರು. ಮೂರನೇ ತಿಂಗಳಿಗೆ ಬಸ್ಸು ಬಂತು. ನಾನು ಡಿಗ್ರಿ ಮುಗಿಸಿದೆ.

ಈಗ ಯಲ್ಲಾಪುರದಲ್ಲಿದ್ದೇನೆ. ಅಕ್ಕೋರು ತೀರಿಕೊಂಡದ್ದು ನನಗೆ ತಿಳಿದದ್ದು ಹದಿನೈದು ದಿನ ಕಳೆದ ಮೇಲೆ. ಮುಖ ನೋಡಲಾಗಲಿಲ್ಲ... ಆ ಕೊರಗು ಹೋಗುವಂಥದ್ದಲ್ಲ. ತುಂಬ ಶಾಂತವಾಗಿ ಹೋದರು ಎಂದು ಎಲ್ಲರೂ ಹೇಳುತ್ತಾರೆ. ನಾನು ನಂಬುವುದಿಲ್ಲ.