ಸದ್ದು ಉಳಿಸಿದ ಹಲಗೆ ಮಾಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಎರಡಂತಸ್ತಿನ ಹಳೇ ಮನೆಯ ಮಹಡಿಯಲ್ಲಿ ಒಬ್ಬರು ಮಂಡಿಯೂರಿ ಕೂತಿದ್ದಾರೆ. ಎರಡೂ ಮಂಡಿಗೆ ಟೈರಿನ ತುಂಡು ಕಟ್ಟಿಕೊಂಡಿದ್ದಾರೆ. ಮರದ ನೆಲದ ಮೇಲೆ ಅಂಗೈ ಊರಿ ಒತ್ತುತ್ತಾರೆ, ಕಿವಿಗೊಡುತ್ತಾರೆ, ಮುಂದಿನ ಹಲಗೆಗೆ ಸರಿಯುತ್ತಾರೆ. ಅವರ ಬಗ್ಗೆ ಬರೆಯಲೆಂದು ಜೊತೆಗೆ ಬಂದ ನಾನು ಕೆಮ್ಮಿದ್ದಕ್ಕೆ ತಿರುಗಿ ನೋಡಿ ತುಟಿಯ ಮೇಲೆ ಬೆರಳಿಡುತ್ತಾರೆ. ಬಂದ ಇನ್ನೊಂದು ಕೆಮ್ಮನ್ನು ಗಂಟಲಲ್ಲೇ ನುಂಗಿಕೊಳ್ಳುತ್ತೇನೆ.

"ಬೀದೀಲಿ ಬಸ್ಸು ಶುರುವಾದ್ರೆ ಮುಗೀತು ನೋಡಿ. ಮರ ಏನು ಹೇಳ್ತಿದೆ ಅಂತ ಕೇಳ್ಸೋದೇ ಇಲ್ಲ. ಅದಕ್ಕೇ ಇಷ್ಟು ಬೇಗ ಬರ್ತೀನಿ" ಎಂದು ಆಮೇಲೆ ಸಮಜಾಯಿಷಿ ಕೊಡುತ್ತಾರೆ.

ಬಡಾವಣೆಯವರಿಗೆಲ್ಲ ಇವರು ಹಲಗೆ ಮಾಮ. ಮರದ ನೆಲ ಸವೆದರೂ, ಎದ್ದರೂ, ಕಿರುಗುಟ್ಟಿದರೂ ಕರೆ ಬರುವುದು ಇವರಿಗೆ. ರಿಪೇರಿ ಸಾಕೋ, ಕಿತ್ತು ಹೊಸದು ಹಾಕಬೇಕೋ ಎಂದು ಹೇಳುವವರೂ ಇವರೇ. ಮೊದಲು ಹೊಸ್ತಿಲ ಪಟ್ಟಿ ಬಿಚ್ಚಿ ಹಲಗೆಯ ಕತ್ತರಿಸಿದ ಅಂಚನ್ನು ನೋಡುತ್ತಾರೆ. "ಪ್ರತಿ ಸಲ ಉಜ್ಜಿದಾಗ್ಲೂ ಒಂದು ಪದರ ಹೋಗತ್ತೆ. ಒಳಗಿನ ಮೊಳೆ ತಲೆ ಕಾಣಿಸ್ತು ಅಂದ್ರೆ ಅದರ ಆಯಸ್ಸು ಆಯ್ತು ಅಂತ. ಇನ್ನು ಅದನ್ನ ಹಿಂಸೆ ಮಾಡಬಾರದು." ಆಮೇಲೆ ದಬ್ಬಣ ತೆಗೆದು ಕಿಟಕಿಯ ಬುಡ, ಬಚ್ಚಲಿನ ಬಾಗಿಲು ಹೀಗೆ ನೀರು ತಾಕುವ ಕಡೆಯೆಲ್ಲ ಚುಚ್ಚಿ ನೋಡುತ್ತಾರೆ. ಗಟ್ಟಿಯಿದ್ದರೆ ತಲೆಯಾಡಿಸುತ್ತಾರೆ. ನೆನೆದ ಬಿಸ್ಕತ್ತಿಗೆ ಇಳಿದಂತೆ ಇಳಿದರೆ ದಬ್ಬಣ ಒರೆಸಿಕೊಳ್ಳುತ್ತಾರೆ.

ಈ ಕೆಲಸ ಕಲಿಸಿದ್ದು ಸೋದರಮಾವ. ಜೊತೆಗೆ ಕಲಿತವರೆಲ್ಲ ಬಾಗಿಲು, ಮಂಚ, ಮೇಜಿನ ಕಡೆ ಹೊರಟುಹೋದರು. "ಮೇಜು ಮಾಡ್ದೋನನ್ನ ಹೊಗಳ್ತಾರೆ. ನೆಲ ಮಾಡ್ದೋನ ಕೆಲಸ ತುಳ್ಕೊಂಡು ಓಡಾಡ್ತಾರೆ" ಎಂದು ನಗುತ್ತಾರೆ. ಮಂಡಿ ಎರಡೂ ಕೈಕೊಟ್ಟಿವೆ, ಏಳಬೇಕಾದರೆ ಗೋಡೆ ಬೇಕು. ಮರದ ಪುಡಿಗೆ ಎದೆ ಕಟ್ಟುತ್ತದೆ. ಹೆಂಡತಿಯ ಬಾಯಿ ಇನ್ನೂ ಚುರುಕು: "ಊರೋರ ನೆಲಾನೆಲ್ಲ ಫಳಫಳ ಅನ್ನಿಸ್ತಾರೆ. ನಮ್ಮನೇದು ಸಿಮೆಂಟು, ಅದೂ ಬಿರುಕು ಬಿಟ್ಟಿದೆ. ಕೇಳಿದ್ರೆ, ಅದು ನನ್ನ ಕಸುಬಲ್ಲ ಕಣೇ ಅಂತಾರೆ."

ಈ ಮನೆಯ ವಿಷಯಕ್ಕೆ ಬರೋಣ. ಇಲ್ಲಿರುವುದು ಅಕ್ಕ, ತಮ್ಮ ಮತ್ತು ತಮ್ಮನ ಹೆಂಡತಿ. ಅಕ್ಕ ಹೊಲಿಗೆ ಟೀಚರ್ ಆಗಿದ್ದವರು. ನಡುವಯಸ್ಸಿನಲ್ಲಿ ಕಣ್ಣು ಮಂಜಾಗುತ್ತ ಬಂದು ಈಗ ಏನೂ ಕಾಣುವುದಿಲ್ಲ. ಆದರೂ ಮನೆಯೊಳಗೆ ಯಾರ ಕೈಯನ್ನೂ ಹಿಡಿದವರಲ್ಲ. ಹೋದ ತಿಂಗಳು ಎದ್ದಿದ್ದ ಹಲಗೆಯೊಂದಕ್ಕೆ ಎಡವಿ ಬಿದ್ದು ಮಣಿಕಟ್ಟು ಮುರಿಯಿತು. ಶಾಲೆಯ ವ್ಯಾನು ಓಡಿಸುವ ತಮ್ಮ ಅಂದೇ ಪಟ್ಟು ಹಿಡಿದ: ಎಲ್ಲ ಕಿತ್ತು ಹೊಸ ನೆಲ ಹಾಕಿಸಬೇಕು. "ಅಕ್ಕ ಇನ್ನೊಂದ್ಸಲ ಬಿದ್ರೆ ನನ್ನ ಕೈಲಿ ನೋಡಕ್ಕಾಗಲ್ಲ ಮಾಮ" ಎನ್ನುವಾಗ ಅವನ ದನಿ ಒಡೆಯುತ್ತದೆ. ಅವನನ್ನು ತಪ್ಪೆನ್ನಲು ನನಗಂತೂ ಬಾಯಿ ಬರುವುದಿಲ್ಲ.

ಟೀಚರ್ ಈಗ ಮಾತಾಡುತ್ತಾರೆ.

"ಮೇಸ್ತ್ರಿ, ಈ ನೆಲ ಸದ್ದು ಮಾಡೋದ್ರಿಂದಾನೇ ನಾನು ಎಲ್ಲಿದೀನಿ ಅಂತ ನನಗೆ ಗೊತ್ತಾಗೋದು. ಅಡುಗೆಮನೆ ಮುಂದೆ ಅದು ಗೊರಗೊರ ಅನ್ನತ್ತೆ. ನನ್ನ ಕೋಣೆ ಹತ್ರ ಕಾಲಡಿ ಸ್ವಲ್ಪ ತಗ್ಗು ಸಿಗತ್ತೆ. ಮೆಟ್ಟಿಲು ಬಂತು ಅಂದ್ರೆ ಕಿರ್ ಅನ್ನತ್ತೆ. ಎಲ್ಲಾ ಹೊಸದು ಹಾಕಿದ್ರೆ ನಾನು ನನ್ನ ಮನೇಲೇ ಇವನ ಕೈ ಹಿಡ್ಕೊಂಡು ಓಡಾಡ್ಬೇಕು."

ಹಲಗೆ ಮಾಮ ಇಷ್ಟು ವರ್ಷ ನೆಲದ ಸದ್ದಡಗಿಸಿಯೇ ಹೊಟ್ಟೆ ಹೊರೆದವರು. ಕಿರುಗುಟ್ಟಿದ ನೆಲವೆಂದರೆ ಅವರ ಕಸುಬಿನಲ್ಲಿ ಮಾನ ಹೋದ ಹಾಗೆ. ತಲೆ ಕೆರೆದುಕೊಂಡು, "ಒಂದು ಸುತ್ತು ನಡೀರಿ ಟೀಚರಮ್ಮ. ಯಾವ ಸದ್ದು ಬೇಕು, ಯಾವುದು ಬೇಡ, ನೀವೇ ಹೇಳಿ" ಎನ್ನುತ್ತಾರೆ.

ಅವರು ಮುಂದೆ, ಇವರು ಮಂಡಿಯ ಮೇಲೆ ಹಿಂದೆ. "ಇದಿರಲಿ." "ಇದು ಬೇಡ, ಸುಮ್ಮನೆ ಕಾಟ." ಸೀಮೆಸುಣ್ಣದ ಗುರುತು ಒಂದೊಂದಾಗಿ ಬೀಳುತ್ತದೆ. ಹೆಚ್ಚಿನ ಹಲಗೆಗಳಲ್ಲಿ ಜೀವವಿದೆ. ಎದ್ದವನ್ನು ಕೂರಿಸಿ, ಅಂಚು ನಯ ಮಾಡಿದರೆ ಸಾಕು. ಮೆಟ್ಟಿಲ ತಲೆಯ ಹಲಗೆಗೆ ಬಂದಾಗ ಮಾತ್ರ ದಬ್ಬಣ ಹಿಡಿಯವರೆಗೂ ಇಳಿದುಬಿಡುತ್ತದೆ. ಮಾಮ ಕಣ್ಣು ಮುಚ್ಚಿಕೊಳ್ಳುತ್ತಾರೆ.

"ಇದು ಹೋಗಿದೆ ತಾಯಿ. ಇದನ್ನ ಉಳಿಸ್ತೀನಿ ಅಂದ್ರೆ ನಿಮ್ಮನ್ನ ಮೆಟ್ಟಿಲಿಂದ ನೂಕಿದ ಹಾಗೆ. ಬದಲಾಯಿಸ್ಲೇಬೇಕು."

ಹೊಸ ಹಲಗೆ ಕೂರುತ್ತದೆ, ಎರಡೂ ತುದಿಯನ್ನು ಸ್ಕ್ರೂ ಹಾಕಿ ತೊಲೆಗೆ ಬಿಗಿಯುತ್ತಾರೆ, ನಡುವೆ ಒಂದು ಮೊಳೆ ಹೊಡೆಯುತ್ತಾರೆ. ಟೀಚರ್ ಅದರ ಮೇಲೆ ನಿಂತು ಭಾರ ಬಿಡುತ್ತಾರೆ. ಸದ್ದಿಲ್ಲ. ಇನ್ನೊಮ್ಮೆ ನಿಲ್ಲುತ್ತಾರೆ. ಅವರ ಮುಖ ಸಣ್ಣಗಾಗುತ್ತದೆ.

ಮುಂದಿನದನ್ನು ಕಣ್ಣಾರೆ ನೋಡದಿದ್ದರೆ ನಾನು ನಂಬುತ್ತಿರಲಿಲ್ಲ. ಮಾರನೆಯ ಬೆಳಗ್ಗೆ ಹಲಗೆ ಮಾಮ ಬಂದು, ಬೇಕೆಂದೇ ತಮ್ಮದೇ ಕೆಲಸ ಕೆಡಿಸಲು ಕೂರುತ್ತಾರೆ. ಹಲಗೆ ಬಿಚ್ಚಿ ಅಡಿಯಲ್ಲಿ, ನಡುವೆ ಮಾತ್ರ, ಈರುಳ್ಳಿ ಸಿಪ್ಪೆಯಷ್ಟು ಹೆರೆಯುತ್ತಾರೆ.

ಹಾಗಾದರೆ ತುದಿ ಸಡಿಲವಾಗುವುದಿಲ್ಲವೇ ಎಂದು ನಾನು ಕೇಳಿದ್ದಕ್ಕೆ ಅವರು ನಗುತ್ತಾರೆ: "ಸ್ಕ್ರೂ ಬಿಚ್ಚಿ ಮತ್ತೆ ಅಷ್ಟೇ ಬಿಗಿ ಮಾಡ್ತೀನಿ ಸ್ವಾಮಿ. ಅದು ಅವರ ಜೀವದ ಲೆಕ್ಕ, ಸಡಿಲ ಬಿಡೋ ಹಾಗಿಲ್ಲ." ನಡುವಿನ ಮೊಳೆಯ ತೂತನ್ನಷ್ಟೇ ಒಂದೆಳೆ ಅಗಲಿಸುತ್ತಾರೆ. ಕಾಲಿಟ್ಟಾಗ ಮರ ಮೊಳೆಗೆ ಉಜ್ಜಬೇಕು, ಕೂಗಬೇಕು. ಮೊದಲ ಸಲ ಅದು ಕೂಗಿದ್ದಕ್ಕೆ ಟೀಚರ್ ನಕ್ಕುಬಿಡುತ್ತಾರೆ: "ಇದೇನು ಮೇಸ್ತ್ರಿ, ಇಲಿ ಬೋನಿಗೆ ಬಿದ್ದ ಹಾಗಿದೆ." ಮೊಳೆ ಕೀಳುತ್ತಾರೆ, ಬೇರೆ ಹಾಕುತ್ತಾರೆ. "ಈಗ ಬಾಗಿಲ ಸದ್ದು." ಮತ್ತೆ ಕೀಳುತ್ತಾರೆ. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಹಲಗೆ ತಗ್ಗಿದ ದನಿಯಲ್ಲಿ ಒಮ್ಮೆ ಕಿರ್ ಎನ್ನುತ್ತದೆ. ಟೀಚರ್ ಕಾಲನ್ನು ತೆಗೆಯದೆ ಹಾಗೇ ನಿಂತಿದ್ದಾರೆ.

"ಇದೇ" ಎನ್ನುತ್ತಾರೆ.

ಕೋಣೆಗೆ ಹೋಗಿ, ಅಲ್ಲಿಂದ ಒಬ್ಬರೇ ನಡೆದು ಬರುತ್ತಾರೆ. ತಮ್ಮನೋ ಮೆಟ್ಟಿಲ ಮೇಲೆ, ಬಿದ್ದರೆ ಹಿಡಿಯಲೆಂದು, ಎರಡೂ ಕೈ ಚಾಚಿ ನಿಂತಿದ್ದಾನೆ. ತಗ್ಗು, ಗೊರಗೊರ, ಆಮೇಲೆ ಕಿರ್. ಟೀಚರ್ ನಿಲ್ಲುತ್ತಾರೆ, ಕೈ ತಾನಾಗಿ ಮೆಟ್ಟಿಲ ಪಕ್ಕದ ಕಟಾಂಜನಕ್ಕೆ ಹೋಗುತ್ತದೆ, ಕಾಲು ಮೊದಲ ಮೆಟ್ಟಿಲಿಗಿಳಿಯುತ್ತದೆ. ಅವನ ಉಸಿರು ಕೇಳಿಸಿತೇನೋ.

"ದಾರಿ ಬಿಡೋ, ಇಳೀಬೇಕು."

ಅವನು ಗೋಡೆಗೆ ಒರಗಿ ದಾರಿ ಬಿಡುತ್ತಾನೆ. ನನ್ನ ಕಣ್ಣು ತುಂಬಿಬಂದದ್ದನ್ನು ಮುಚ್ಚಿಡುವುದೇಕೆ?

ಮಾಮ ಮಾತ್ರ ಸಾಮಾನು ಚೀಲಕ್ಕೆ ತುಂಬುವುದರಲ್ಲೇ ಇದ್ದಾರೆ. ಏನಾದರೂ ಹೇಳಿ ಎಂದರೆ ನಾಚುತ್ತಾರೆ. ಗೋಡೆ ಹಿಡಿದು ಎದ್ದುನಿಂತ ಮೇಲೆ ಹೇಳುತ್ತಾರೆ: "ಮುಂದೆ ಯಾರಾದ್ರೂ ಮೇಸ್ತ್ರಿ ಬಂದು ಇದರ ಮೇಲೆ ಕಾಲಿಡ್ತಾನೆ. ಈ ನೆಲ ಹಾಕ್ದೋನಿಗೆ ಕೆಲಸಾನೇ ಬರಲ್ಲ ಅಂತ ಬೈತಾನೆ. ಬೈಲಿ. ಆ ಹಲಗೆ ಒಂದನ್ನ ಮುಟ್ಟದೆ ಹೋದ್ರೆ ಸಾಕು."